ಯಾಕೂಬಸಾಬನ ಕಲಾಯಿ

ಶರೀಫಸಾಬನಿಗೆ ಪಾತ್ರೆಯೊಳಗೆ ಇಣುಕುವ ಚಟ. ಮದುವೆಗೆ ಹೋದರೆ ಉಳಿದವರು ಮದುಮಗಳನ್ನು ನೋಡಲು ಕತ್ತು ಚಾಚುತ್ತಿರುವಾಗ ಈ ಮನುಷ್ಯ ಅಡುಗೆ ಪೆಂಡಾಲಿನ ಹಿಂದೆ ಖಾಲಿ ಹಂಡೆಯೊಳಗೆ ತಲೆ ಹಾಕಿ ನಿಂತಿರುತ್ತಾನೆ. ಬಿರಿಯಾನಿ ಹೇಗಿತ್ತೆಂದು ಕೇಳಿದರೆ ಹಂಡೆ ಹೇಗಿತ್ತೆಂದು ಹೇಳುತ್ತಾನೆ. ವಯಸ್ಸು ಅರವತ್ತಾರು. ಕಲಾಯಿ ಹಾಕುವ ಕಸುಬು ಬಿಟ್ಟು ಮೂವತ್ತು ವರ್ಷದ ಮೇಲಾಯಿತು. ಆಮೇಲೆ ಪಂಪ್ ಸ್ಟೋವ್ ರಿಪೇರಿ ಮಾಡಿದ, ಕುಕ್ಕರ್‌ಗೆ ವಾಷರ್ ಹಾಕಿದ, ಈಗ ಹಳೇ ಹುಬ್ಬಳ್ಳಿಯಲ್ಲಿ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಓಣಿಯ ಮಿಕ್ಸರ್‌ಗಳನ್ನೆಲ್ಲ ಬಿಚ್ಚಿ ಹರವುತ್ತಾನೆ. ಕಸುಬು ಹೋದರೂ ಕಣ್ಣು ಹೋಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಇವನದು ಬೆಂಕಿಯ ಮುಂದೆ ಕೂತೇ ಬಂದ ಗುಣ.

ಪಾತ್ರೆಯ ಒಳಮೈ ನೋಡಿ ಮನೆಯ ಸಮಾಚಾರ ಹೇಳುವುದು ಅವನಿಗೆ ಒಲಿದ ವಿದ್ಯೆ. ಸವುಟು ತಿರುವಿದ ಗೀರು ಯಾವ ಕಡೆ ಹೆಚ್ಚಿದೆ ಎಂದು ನೋಡಿ ಅಡುಗೆ ಮಾಡುವವರು ಎಡಗೈಯವರೋ ಬಲಗೈಯವರೋ ಹೇಳುತ್ತಾನೆ. ಗೀರು ಎರಡು ಬಗೆಯವಿದ್ದರೆ, "ಈ ಮನ್ಯಾಗ ಅತ್ತಿ ಸೊಸಿ ಇಬ್ರೂ ಅಡಗಿ ಮಾಡ್ತಾರ. ಒಬ್ಬಾಕಿ ತನ್ನ ಸಿಟ್ಟು ಪಾತ್ರಿ ಮ್ಯಾಲೆ ತೀರಸ್ಕೋತಾಳ" ಎಂದು ನಗುತ್ತಾನೆ. ಹತ್ತಕ್ಕೆ ಎಂಟು ಸಲ ಅವನ ಮಾತು ಖರೆಯಾಗುತ್ತದೆ.

ಈಗಿನ ಹುಡುಗರಿಗೆ ಕಲಾಯಿ ಎಂದರೇನೆಂದು ಗೊತ್ತಿರಲಿಕ್ಕಿಲ್ಲ. ತಾಮ್ರ, ಹಿತ್ತಾಳೆಯ ಪಾತ್ರೆಗೆ ಹುಳಿ ತಾಗಿದರೆ ಒಳಗಿನ ಪದಾರ್ಥ ವಿಷವಾಗುತ್ತದೆ. ಅದಕ್ಕೇ ಒಳಮೈಗೆ ತವರ ಬಳಿಯಬೇಕು. ಭಟ್ಟಿ ಹೂಡಿ, ತಿದಿ ಊದಿ, ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿದರೆ ಬಿಳೀ ಹೊಗೆ ಏಳುತ್ತದೆ. ಆಗ ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ಒರೆಸಿದರೆ ಕೆಂಪು ಪಾತ್ರೆ ಒಳಗಿನಿಂದ ಬೆಳ್ಳಿಯ ಹಾಗೆ ಬೆಳಗುತ್ತದೆ. ತವರ ತುಟ್ಟಿ, ಸೀಸ ಅಗ್ಗ. ಆಸೆಬುರುಕ ಕಲಾಯಿಗಾರ ತವರಕ್ಕೆ ಸೀಸ ಬೆರೆಸಿದರೆ ಕಣ್ಣಿಗೆ ತಿಳಿಯುವುದಿಲ್ಲ, ಹೊಟ್ಟೆಗೆ ತಿಳಿಯುತ್ತದೆ.

ಒಂದು ಗುರುವಾರ ಸಂಜೆ ಮಗಳು ಶಾಹೀನ ಫೋನು ಹಿಡಿದುಕೊಂಡು ಕಟ್ಟೆಗೆ ಬಂದಳು. ಅವಳು ದುರ್ಗದಬೈಲಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಗೆ ಬರುವ ಗಿರಾಕಿಯೊಬ್ಬಳು 'ಹಳೇ ರುಚಿ ಬಳಗ' ಎಂಬ ವಾಟ್ಸಪ್ ಗುಂಪಿಗೆ ಅವಳನ್ನು ಸೇರಿಸಿದ್ದಳು. ತಿಂಗಳಿಗೊಮ್ಮೆ ವಿದ್ಯಾನಗರದಲ್ಲಿ ಕೂಡಿ, ನಮ್ಮ ಹಿರಿಯರು ಏನು ಉಣ್ಣುತ್ತಿದ್ದರು, ಯಾಕೆ ಉಣ್ಣುತ್ತಿದ್ದರು, ಯಾವಾಗ ಬಿಟ್ಟರು ಎಂದು ಮಾತಾಡುವ ಬಳಗ. ಮಾತಿನ ಕೊನೆಗೆ ಊಟವೂ ಇರುವುದರಿಂದ ಸದಸ್ಯರಿಗೆ ಬರವಿಲ್ಲ.

"ಅಬ್ಬಾ, ಈ ಐತವಾರ ಕಟ್ಟಿನ ಸಾರಿನ ಬಗ್ಗೆ ಐತಂತ. ಮನ್ಯಾಗಿನ ಹಳೀ ಪಾತ್ರಿ ಇದ್ರ ತರ್ರಿ ಅಂದಾರ. ಇಲ್ನೋಡು, ಕೇಶ್ವಾಪುರದ ಐಶ್ವರ್ಯಾ ಅನ್ನಾಕಿ ಅವರ ಅಜ್ಜಿ ಬೋಗುಣಿ ಫೋಟೋ ಹಾಕ್ಯಾಳ. ನಿನಗ ಸೇರ್ತೈತಿ."

ಬೋಗುಣಿ ಎಂದರೆ ಬಾಯಿ ಅಗಲವಾದ ಅಡುಗೆ ಪಾತ್ರೆ. ಶರೀಫಸಾಬ ಕನ್ನಡಕ ಏರಿಸಿ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿದ. ತಾಮ್ರದ ದೊಡ್ಡ ಬೋಗುಣಿ. ಒಂದು ಕಿವಿ ತಾಮ್ರದ್ದು, ಇನ್ನೊಂದು ಹಿತ್ತಾಳೆಯದು. ಹಿತ್ತಾಳೆಯ ಕಿವಿಗೆ ಮೂರು ಮೊಳೆ ಬಡಿದಿತ್ತು, ಮೇಲೆ ಒಂದು, ಕೆಳಗೆ ಎರಡು. ಅವನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಕಟ್ಟೆಯ ಕೆಳಗೆ ಬಿತ್ತು. ಆ ಕಿವಿ ಕೂಡಿಸಿದವನು ಅವನ ಅಪ್ಪ ಯಾಕೂಬಸಾಬ.

ಆ ಬೋಗುಣಿಯೇ ಅವರ ಮನೆಯನ್ನು ಮುಳುಗಿಸಿದ್ದು. ೧೯೭೯ರ ಶ್ರಾವಣಕ್ಕೆ ಮುಂಚೆ ಅಪ್ಪ ಮಗ ಇಬ್ಬರೂ ಕೇಶ್ವಾಪುರದ ಒಬ್ಬ ಹತ್ತಿ ವ್ಯಾಪಾರಿಯ ಮನೆಯ ಮುಂದೆ, ಬೇವಿನ ಗಿಡದ ಬುಡದಲ್ಲಿ ಭಟ್ಟಿ ಹೂಡಿ ಮನೆಯ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿ ಕೊಟ್ಟರು. ಶ್ರಾವಣದ ಕಡೇ ಸೋಮವಾರ ಆ ಮನೆಯಲ್ಲಿ ಹೋಳಿಗೆ. ಹೋಳಿಗೆಯ ಬೇಳೆ ಬಸಿದ ಕಟ್ಟಿಗೆ ಹುಣಸೆಹುಳಿ ಹಾಕಿ ಕುದಿಸಿದ ಸಾರು ರಾತ್ರಿಯೆಲ್ಲ ಆ ಬೋಗುಣಿಯಲ್ಲೇ ಇತ್ತು. ಮರುದಿನ ಅದನ್ನು ಉಂಡ ಹನ್ನೊಂದು ಮಂದಿ ವಾಂತಿ ಮಾಡಿಕೊಂಡು ದವಾಖಾನೆ ಸೇರಿದರು. ದೇವರ ದಯೆ, ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಪಾತ್ರೆಯ ವಿಷ ಎಂದು ಡಾಕ್ಟರು ಹೇಳಿದ್ದೇ ತಡ, ಸಂಜೆಯೊಳಗೆ ಓಣಿಯ ತುಂಬ ಒಂದೇ ಸುದ್ದಿ: ಕಲಾಯಿ ಸಾಬ ತವರಕ್ಕೆ ಸೀಸ ಬೆರೆಸಿದ್ದಾನೆ.

ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು? ಒಂದು ತಿಂಗಳಲ್ಲಿ ಕೇಶ್ವಾಪುರದ ಒಂದು ಪಾತ್ರೆಯೂ ಯಾಕೂಬಸಾಬನ ಭಟ್ಟಿಗೆ ಬರಲಿಲ್ಲ, ವರ್ಷದೊಳಗೆ ಬೇರೆ ಓಣಿಗಳವೂ ನಿಂತವು. ಸ್ಟೀಲ್ ಪಾತ್ರೆ ಬಂದು ಎಲ್ಲ ಕಲಾಯಿಗಾರರ ಭಟ್ಟಿಗಳೂ ಆರಿದವು, ಅದು ನಿಜ. ಆದರೆ ಯಾಕೂಬಸಾಬನ ಭಟ್ಟಿ ಎಲ್ಲರಿಗಿಂತ ಮೊದಲು ಆರಿತು.

ಅಪ್ಪ ಎಷ್ಟೋ ಸಲ ಅಂದಿದ್ದ: "ಶರೀಫ, ನಾ ಸೀಸ ಮುಟ್ಟಿಲ್ಲೋ." ಶರೀಫಸಾಬ ಪ್ರತಿ ಸಲವೂ, "ಹೋಗ್ಲಿ ಬಿಡು ಅಬ್ಬಾ, ಆಗಿದ್ದು ಆತು" ಅನ್ನುತ್ತಿದ್ದ. ಆ ವರ್ಷ ತವರದ ರೇಟು ಗಗನಕ್ಕೆ ಏರಿತ್ತು. ಬಜಾರಿನಲ್ಲಿ ಅರ್ಧ ಮಂದಿ ಸೀಸ ಬೆರೆಸುತ್ತಿದ್ದುದು ಅವನಿಗೆ ಗೊತ್ತಿತ್ತು. ಸುದ್ದಿ ಹಬ್ಬಿದ ಅದೇ ವಾರ ಬಂದ ರಂಜಾನ್ ಹಬ್ಬಕ್ಕೆ ಅಪ್ಪ ತಂಗಿಯರಿಬ್ಬರಿಗೂ ಹೊಸ ಬಟ್ಟೆ ತಂದಿದ್ದ, ಹಿಂದೆಂದೂ ತಂದವನಲ್ಲ. ಇಪ್ಪತ್ತರ ಹರೆಯದ ಮಗ ಎರಡೂ ಕೂಡಿಸಿ ಲೆಕ್ಕ ಹಾಕಿದ್ದ. ಆ ಲೆಕ್ಕವನ್ನು ಅವನು ಯಾರ ಮುಂದೂ ಹೇಳಿರಲಿಲ್ಲ, ಹೆಂಡತಿಯ ಮುಂದೆಯೂ. ಅಪ್ಪ ತೀರಿಕೊಂಡ ಮೇಲೂ ಅದು ಅವನ ಎದೆಯಲ್ಲಿ ಹಾಗೇ ಕೂತಿತ್ತು.

ಈಗ ಆ ಬೋಗುಣಿ ವಿದ್ಯಾನಗರಕ್ಕೆ ಬರುತ್ತದೆ. ಒಳಗೆ ಒಮ್ಮೆ ನೋಡಿದರೆ ಸಾಕು, ಅಪ್ಪ ಸೀಸ ಹಾಕಿದ್ದನೋ ಇಲ್ಲವೋ ತಿಳಿದುಹೋಗುತ್ತದೆ.

"ಐತವಾರ ನಾನೂ ಬರ್ತೇನಿ" ಎಂದ. ಯಾಕೆಂದು ಶಾಹೀನ ಕೇಳಿದಳು. "ಸಾರು ಉಣ್ಣಾಕ" ಎಂದುಬಿಟ್ಟ.

ಐತವಾರ ಹನ್ನೊಂದಕ್ಕೆ ಅಪ್ಪ ಮಗಳು ಚಿಗರಿ ಬಸ್ಸಿನಿಂದ ಇಳಿದು ಬಳಗದ ಜಾಗ ಹುಡುಕಿಕೊಂಡು ಹೋದರು. ಬಳಗ ನಡೆಸುವ ಗುರುಸಿದ್ದಯ್ಯ ಮಾಸ್ತರರ ಮನೆಯ ಮೇಲಂತಸ್ತು ಅದು. ಮಾಸ್ತರರು ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿ, ನಿವೃತ್ತಿಯಾದ ಮೇಲೆ ಸಾರಿನಲ್ಲಿ ರಸಾಯನ ಹುಡುಕುತ್ತಿರುವವರು. ಒಗ್ಗರಣೆಗೆ ಸಾಸಿವೆ ಮೊದಲೋ ಜೀರಿಗೆ ಮೊದಲೋ ಎಂಬ ಮಾತಿಗೆ ಅರ್ಧ ತಾಸು ಜಗಳಾಡಬಲ್ಲರು. ಇಪ್ಪತ್ತೈದು ಮಂದಿ ಕೂಡಿದ್ದರು. ಉದ್ದ ಮೇಜಿನ ಮೇಲೆ ಹಿತ್ತಾಳೆಯ ತಂಬಿಗೆ, ಕಲ್ಲಿನ ಮರಿಗೆ, ಸೇವಿಗೆ ಒತ್ತುವ ಒರಳು, ಒಂದು ಮೂಲೆ ಮುಕ್ಕಾದ ಪಿಂಗಾಣಿ ಭರಣಿ. ಶರೀಫಸಾಬನ ಕಣ್ಣು ಒಂದೇ ಸುತ್ತಿನಲ್ಲಿ ಎಲ್ಲವನ್ನೂ ನೋಡಿ ಮುಗಿಸಿತು. ಬೋಗುಣಿ ಇನ್ನೂ ಬಂದಿರಲಿಲ್ಲ.

ಆಗಲೇ ಚರ್ಚೆ ಕಾವೇರಿತ್ತು. ಧಾರವಾಡದಿಂದ ಬಂದವರು ಕಟ್ಟಿನ ಸಾರಿಗೆ ಹುರಿದ ಕೊಬ್ಬರಿ ಬೇಕೇ ಬೇಕು ಎಂದರು. ಹುಬ್ಬಳ್ಳಿಯವರು ಉಳ್ಳಾಗಡ್ಡಿ ಸುಟ್ಟು ಹಾಕದಿದ್ದರೆ ಅದು ಸಾರಲ್ಲ, ಬೇಳೆ ತೊಳೆದ ನೀರು ಎಂದರು. ಇನ್ನೇನು ಎರಡೂ ಊರುಗಳ ನಡುವೆ ಬಸ್ಸು ನಿಲ್ಲಬೇಕು, ಅಷ್ಟರಲ್ಲಿ ಮಾಸ್ತರರು ಕೈ ಎತ್ತಿದರು.

"ಅದೆಲ್ಲಾ ಇರ್ಲಿ ಬಿಡ್ರಿ. ಕಟ್ಟಿನ ಸಾರು ಮರುದಿನ ಯಾಕ ಹೆಚ್ಚು ರುಚಿ ಅಂತ ಯಾರರ ಹೇಳ್ರಿ ನೋಡೋಣು. ನನಗ ಅನಸೂದು ಏನಂದ್ರ, ಹುಳಿ, ಖಾರ, ಬೆಲ್ಲ ಮೂರೂ ಹಗಲೆಲ್ಲಾ ಜಗಳ ಆಡ್ತಾವ, ರಾತ್ರಿ ಕೂತು ರಾಜಿ ಆಗ್ತಾವ."

ಎಲ್ಲರೂ ನಕ್ಕರು. ಶರೀಫಸಾಬನಿಗೂ ನಗು ಬಂತು. ಈ ಮಂದಿಯ ಮೇಲೆ ಅವನಿಗೆ ಅಕ್ಕರೆ ಹುಟ್ಟತೊಡಗಿತ್ತು. ಉಣ್ಣುವ ಸಾರಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವವರು ಊರಲ್ಲಿದ್ದಾರೆಂದು ಅವನು ಎಣಿಸಿರಲಿಲ್ಲ. "ಮೊದಲಿನವರು ಇದನ್ನ ರಾತ್ರಿ ಯಾವ ಪಾತ್ರ್ಯಾಗ ಇಡತಿದ್ರು?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಅದನ್ನ ನಮ್ಮ ಆಯಿ ಹೇಳ್ತಾಳ್ರಿ" ಎಂಬ ದನಿ ಬಾಗಿಲ ಕಡೆಯಿಂದ ಬಂತು. ಕಾಲೇಜು ಓದುವ ಹುಡುಗಿ ಐಶ್ವರ್ಯಾ ಬೋಗುಣಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಬಂದಿದ್ದಳು. ಹಿಂದೆ ಅವಳ ಅಜ್ಜಿ ಬಾಳವ್ವ, ಎಂಬತ್ತರ ಮುದುಕಿ, ಹಣೆಯ ತುಂಬ ವಿಭೂತಿ, ಇಳಕಲ್ ಸೀರೆ. ಮೆಟ್ಟಿಲು ಹತ್ತಿದ ದಣಿವಿಗೆ ಕುರ್ಚಿಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

ಐಶ್ವರ್ಯಾ ಉಮೇದಿಯಿಂದ ಕಥೆ ಶುರು ಮಾಡಿದಳು. ಹೋಳಿಗೆ, ಮರುದಿನದ ಸಾರು, ಹನ್ನೊಂದು ಮಂದಿ, ದವಾಖಾನೆ. "ಕಲಾಯಿ ಹಾಕಿದಾಂವ ಸೀಸ ಬೆರಸಿದ್ನಂತ್ರಿ. ಅವತ್ತ ಅಟ್ಟಕ್ಕ ಏರಿದ ಬೋಗುಣಿ ಮೊನ್ನೆ ಇಳಿಸಿದ್ವಿ. ನಡಕ ಒಮ್ಮೆನೂ ಇದರಾಗ ಅಡಗಿ ಮಾಡಿಲ್ಲ." ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮನೆಯಲ್ಲಿ ಕೇಳಿದ್ದನ್ನೇ ಹೇಳುತ್ತಿದ್ದಳು. ಶಾಹೀನ ಮಾತ್ರ ಅಪ್ಪನ ಮುಖ ನೋಡಿದಳು. ಯಾಕೂಬ ಅಜ್ಜನ ಮೇಲೆ ಬಂದಿದ್ದ ಅಪವಾದದ ಕಥೆ ಅವಳಿಗೂ ಗೊತ್ತಿತ್ತು, ಅದು ಇದೇ ಬೋಗುಣಿ ಎಂದು ಈಗ ಹೊಳೆಯಿತು. ಏಳಬೇಕೆಂದು ಅಪ್ಪನ ತೋಳು ಹಿಡಿದಳು. ಅವನು ಮೆಲ್ಲಗೆ ಬಿಡಿಸಿಕೊಂಡು ಎದ್ದ.

"ನಾನೂ ಒಂದ ಕಾಲಕ್ಕ ಕಲಾಯಿ ಕಸಬು ಮಾಡೇನ್ರಿ. ಒಳಗ ಒಂಚೂರು ನೋಡ್ಲೇನ್ರಿ?"

ಮಾಸ್ತರರಿಗೆ ಹಬ್ಬವಾಯಿತು. "ಅಯ್ಯ, ಇಂಥಾವರನ್ನ ಹುಡುಕಾಕತ್ತೇನಿ ಎಷ್ಟು ದಿವಸದಿಂದ! ಬರ್ರಿ ಬರ್ರಿ" ಎಂದು ಬೋಗುಣಿಯನ್ನು ಕಿಟಕಿಯ ಬೆಳಕಿಗೆ ಸರಿಸಿಕೊಟ್ಟರು. ಜನ ಸುತ್ತಲೂ ಕವಿದರು.

ಶರೀಫಸಾಬ ಬೋಗುಣಿಯನ್ನು ವಾರೆ ಮಾಡಿ ಒಳಗೆ ನೋಡಿದ. ಮೊದಲು ಅಂಚಿನ ಕೆಳಗೆ. ಅಲ್ಲಿ ನಾಲ್ಕು ಬೆರಳಗಲ ತವರ ಹಾಗೇ ಉಳಿದಿತ್ತು. ಅರಳೆ ಒರೆಸಿದ ಓರೆ ಗೆರೆಗಳು ಒಂದರ ಪಕ್ಕ ಒಂದು ಬಿದ್ದಿದ್ದವು, ಅಪ್ಪ ಎಂದೂ ಅವಸರ ಮಾಡಿದವನಲ್ಲ. ಜೇಬಿನಿಂದ ಬಿಳೀ ಕರ್ಚೀಫು ತೆಗೆದು ಒಂದು ತುದಿಯಿಂದ ಧೂಳು ಒರೆಸಿದ. ಆಮೇಲೆ ಇನ್ನೊಂದು ತುದಿಯನ್ನು ಹೆಬ್ಬೆರಳಿಗೆ ಸುತ್ತಿ ಅದೇ ಜಾಗವನ್ನು ಒತ್ತಿ ತಿಕ್ಕಿದ. ಸೀಸ ಬೆರೆತಿದ್ದರೆ ಬಟ್ಟೆಗೆ ಪೆನ್ಸಿಲಿನ ಗೀರಿನಂತೆ ಕಪ್ಪು ಹತ್ತಬೇಕು. ಬಟ್ಟೆ ತಿರುಗಿಸಿ ನೋಡಿದ. ಬೆಳ್ಳಗಿತ್ತು. ಇನ್ನೊಂದು ಕಡೆ ತಿಕ್ಕಿದ. ಅಲ್ಲೂ ಬೆಳ್ಳಗೆ.

ಅಪ್ಪಟ ತವರ. ಆದರೂ ಕಸುಬಿನ ಕಣ್ಣು ಸುಮ್ಮನಿರಲಿಲ್ಲ. ಸೀಸ ಅಲ್ಲದಿದ್ದರೆ ಆ ಹನ್ನೊಂದು ಮಂದಿಗೆ ಆದದ್ದೇನು? ತಳಕ್ಕೆ ಬಗ್ಗಿದ. ತಳದಲ್ಲಿ ತವರವೇ ಇರಲಿಲ್ಲ. ಕಂದಿದ ತಾಮ್ರ, ಅಲ್ಲಲ್ಲಿ ಹಸಿರು ಕಿಲುಬು. ಅದರ ತುಂಬ ಬಳೆಯಂಥ ದುಂಡನೆಯ ಗೀರುಗಳು, ಒಂದರ ಮೇಲೊಂದು, ನೂರಾರು. ಸವುಟಿನ ಗೀರು ಹೀಗೆ ಬೀಳುವುದಿಲ್ಲ. ಒಂದು ತಿಂಗಳ ಅಡುಗೆಗೆ ತವರ ಹೀಗೆ ಸವೆಯುವುದೂ ಇಲ್ಲ. ಇದು ಯಾರೋ ಮೊಣಕಾಲೂರಿ ಕೂತು, ಮೈಯ ಭಾರವನ್ನೆಲ್ಲ ಹಾಕಿ ತಿಕ್ಕಿದ್ದು.

ಅವನು ಬಾಳವ್ವನ ಕಡೆ ತಿರುಗಿದ.

"ಅವ್ವಾರ, ಕಲಾಯಿ ಆಗಿ ಬಂದ ಪಾತ್ರಿ ನೀವು ಒಳಗ ತಗೊಳ್ಳೂ ಮುಂದ ಏನರ ಮಾಡತಿದ್ರೇನ್ರಿ?"

ಅಜ್ಜಿಗೆ ಖುಷಿಯಾಯಿತು. ಇಷ್ಟು ಹೊತ್ತು ಎಲ್ಲರೂ ಮೊಮ್ಮಗಳನ್ನೇ ಕೇಳುತ್ತಿದ್ದರು, ಈಗ ಒಬ್ಬರಾದರೂ ಅವಳನ್ನು ಕೇಳಿದರು. "ಮಾಡದ ಏನ್ರಿ? ಹಂಗ ಒಳಗ ಹೆಂಗ ಒಯ್ಯಾಕ ಬರ್ತೈತಿ? ನಮ್ಮತ್ತಿ ಹೊಳೆವ್ವ ಇದ್ದಾಗ ಒಂದೀಟು ಬೂದಿ ಹಚ್ಚಿ ತೊಳಿತಿದ್ರು. ಆ ವರ್ಷ ಅತ್ತಿ ಇರಲಿಲ್ಲ, ಮನಿ ಕೀಲಿ ಮೊದಲನೇ ಸಲ ನನ್ನ ಕೈಗೆ ಬಂದಿತ್ತು. ನವಲಗುಂದದ ಬೀಗರು ಊಟಕ್ಕ ಬರಾವ್ರಿದ್ರು, ಭಾಳ ಮಡಿ ಮಂದಿ. ಒಂದು ಹೆಸರು ಇಡಬಾರ್ದು ನೋಡ್ರಿ ಅವರು. ಅದಕ್ಕ ನಾ ಇಟ್ಟಂಗಿ ಪುಡಿ ಹಾಕಿ ಒಂಬತ್ತು ಸಲ ತಿಕ್ಕಿದೆ. ಹೊರಗಿನವರ ಕೈ ಮುಟ್ಟಿದ್ದು..."

ಅಲ್ಲಿಗೆ ಮಾತು ನಿಂತಿತು. ಎದುರಿಗೆ ನಿಂತವನ ಟೊಪ್ಪಿಗೆ ಅವಳಿಗೆ ಆಗ ಕಂಡಿತೇನೋ. ಬೆಂಕಿಯಲ್ಲಿ ಕಾದು ಬಂದ ಪಾತ್ರೆಗೆ ಇನ್ನೆಂಥ ಮಡಿ ಬೇಕಿತ್ತೋ, ಆ ಬೀಗರನ್ನೇ ಕೇಳಬೇಕು.

ಮಾಸ್ತರರ ಹುಬ್ಬು ಗಂಟಿಕ್ಕಿತು. ಬಗ್ಗಿ ಬೋಗುಣಿಯ ತಳ ನೋಡಿದರು, ಬೆರಳಿನಿಂದ ಕಿಲುಬು ಮುಟ್ಟಿದರು. ಮಾತು ಬಾಯಿಂದ ತಾನಾಗಿ ಹೊರಬಿತ್ತು: "ಇಟ್ಟಂಗಿ ಪುಡಿಗೆ ಹೊಸಾ ತವರ ನಿಂದರೂದುಲ್ಲ... ಬರೇ ತಾಮ್ರ. ಅದರಾಗ ಹುಣಸಿಹುಳಿ. ಅದೂ ರಾತ್ರಿಯೆಲ್ಲಾ." ಹೇಳಿದ ಮೇಲೆ ಹೇಳಬಾರದಿತ್ತೆಂದು ಅನಿಸಿ, ಕಿಲುಬು ಹತ್ತಿದ ಬೆರಳು ಒರೆಸಿಕೊಳ್ಳತೊಡಗಿದರು.

ಬಾಳವ್ವ ಓದು ಬರಹ ಕಲಿತವಳಲ್ಲ, ಆದರೆ ಐವತ್ತು ವರ್ಷ ಒಲೆಯ ಮುಂದೆ ಕೂತವಳು. ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೋಡಿದಳು. "ಹಂಗಾರ ಸೀಸ ಇರಲಿಲ್ಲೇನು?" ಎಂದು ಕೇಳಿದಳು, ಯಾರನ್ನು ಕೇಳಿದಳೋ.

"ಇರಲಿಲ್ರಿ" ಎಂದ ಶರೀಫಸಾಬ, ಬಿಳೀ ಕರ್ಚೀಫನ್ನು ಅವಳ ಮುಂದೆ ಬಿಚ್ಚಿ ಹಿಡಿದು.

ದಾರಿಯುದ್ದಕ್ಕೂ ಅವನು ಈ ಗಳಿಗೆಯನ್ನು ಬೇರೆ ಬಗೆಯಲ್ಲಿ ನೆನೆದುಕೊಂಡು ಬಂದಿದ್ದ. ತವರ ಅಪ್ಪಟವಾಗಿದ್ದರೆ ನಾಲ್ಕು ಮಂದಿಯ ಮುಂದೆ ಎದೆಯುಬ್ಬಿಸಿ ಅಪ್ಪನ ಹೆಸರು ಹೇಳಬೇಕು, ಕೇಶ್ವಾಪುರದವರು ತಲೆ ತಗ್ಗಿಸಬೇಕು ಎಂದುಕೊಂಡಿದ್ದ. ಈಗ ಎದುರಿಗಿದ್ದ ಮುದುಕಿ ತಲೆ ತಗ್ಗಿಸಿಯೇ ಕೂತಿದ್ದಳು. ಅವನಿಗೆ ಎದೆ ಉಬ್ಬಲಿಲ್ಲ.

"ನೀವು ಯಾರ ಪೈಕಿ, ಸಾಬರ?" ಬಾಳವ್ವ ಕೇಳಿದಳು.

"ಯಾಕೂಬಸಾಬರ ಮಗಾ ರೀ. ನಿಮ್ಮ ಮನಿ ಮುಂದ ಬೇವಿನ ಗಿಡದ ಬುಡಕ ಭಟ್ಟಿ ಹಾಕಿದ್ವಲ್ರಿ. ತಿದಿ ಊದಿದಾಂವ ನಾನ."

ಐಶ್ವರ್ಯಾ ಬಾಯಿಗೆ ಕೈ ಅಡ್ಡ ಹಿಡಿದಳು. ಬಾಳವ್ವ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ನಲವತ್ತಾರು ವರ್ಷದ ಹಿಂದಿನ ಹುಡುಗನನ್ನು ಹುಡುಕುತ್ತಿದ್ದಳೋ, ಅವನ ಅಪ್ಪನನ್ನೋ.

"ಅವರು ಅದಾರೇನ್ರಿ?"

"ಇಲ್ರಿ. ಹೋಗಿ ಇಪ್ಪತ್ತಾರು ವರ್ಷ ಆತು."

"ಅಯ್ಯ ಶಿವನ..." ಬಾಳವ್ವ ಕುರ್ಚಿಯ ತುದಿಗೆ ಸರಿದಳು. "ಸೀಸ ಹಾಕ್ಯಾನ ಅಂತ ಮೊದಲ ಅಂದಾಕಿ ನಾನ್ರಿ. ದವಾಖಾನಿ ಕಟ್ಟಿಮ್ಯಾಲೆ ಕೂತು ಬಂದಾವರಿಗೆಲ್ಲಾ ನಾನ ಹೇಳಿದೆ. ಇನ್ನ ನಾ ಯಾರ ಮುಂದ ತಪ್ಪಾತು ಅನ್ನಲಿ? ಮಗಾ ನೀವರ ಅದೀರಿ. ನಿಮ್ಮ ಮುಂದ ಅಂತೇನಿ."

ಅವಳು ಕೈ ಜೋಡಿಸಲು ಹೋದಳು. ಶರೀಫಸಾಬ ಅವಳ ಕುರ್ಚಿಯ ಮುಂದೆ ನೆಲಕ್ಕೆ ಕುಕ್ಕರಿಸಿ ಆ ಎರಡೂ ಕೈಗಳನ್ನು ಹಿಡಿದು ಕೆಳಗಿಳಿಸಿದ. ಅವನ ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ.

"ನನಗ ಕೈ ಮುಗಿಬ್ಯಾಡ್ರಿ, ಅವ್ವಾರ. ನೀವು ಹೊರಗಿನವರು, ನಂಬಲಿಲ್ಲ. ನಾ ಅವರ ಜೋಡಿ ಇಪ್ಪತ್ತು ವರ್ಷ ಒಂದ ತಾಟಿನ್ಯಾಗ ಉಂಡೇನ್ರಿ. ನಾನೂ ನಂಬಲಿಲ್ಲ."